ಯುಗಾದಿ ಹೋಳಿಗೆ: ಹೂರಣ ಹೊರಗೆ ಬರದ ಹಾಗೆ ಮಾಡೋದು ಹೇಗೆ? ಮುಂಬೈ, ಪುಣೆಯವರು ಹೇಳಿ

ಡೊಂಬಿವಲಿಯ ಧಾರವಾಡ
ಯುಗಾದಿ ಹತ್ತಿರ ಬಂತು. ಈ ಸಲ ಹೋಳಿಗೆ ಅಂಗಡಿಯಿಂದ ಬೇಡ, ಮನೆಯಲ್ಲೇ ಆಗಬೇಕು ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಅತ್ತೆ ಊರಲ್ಲಿದ್ದಾರೆ. ಫೋನಿನಲ್ಲಿ ಕೇಳಿದರೆ "ಮಾಡ್ತಾ ಮಾಡ್ತಾ ಕೈಗೆ ತಿಳೀತದ" ಅನ್ನುತ್ತಾರೆ, ಅಳತೆ ಹೇಳೋದಿಲ್ಲ. ನನಗೆ ಅಳತೆ ಬೇಕು.

ತೊಂದರೆ ಎರಡು. ಲಟ್ಟಿಸುವಾಗ ಅಂಚಿನಲ್ಲಿ ಕಣಕ ಹರಿದು ಹೂರಣ ಹೊರಗೆ ಬರುತ್ತೆ, ಹಂಚಿಗೆ ಅಂಟಿ ಕರಕಲಾಗುತ್ತೆ. ಇನ್ನೊಂದು, ಮಾರನೇ ದಿನಕ್ಕೆ ಹೋಳಿಗೆ ಬಿರುಸಾಗುತ್ತೆ. ಕಡಲೆಬೇಳೆ, ಕೊಲ್ಹಾಪುರದ ಬೆಲ್ಲ, ಗಿರಣಿಯಲ್ಲಿ ಬೀಸಿಸಿದ ಗೋಧಿಹಿಟ್ಟು ಬಳಸುತ್ತೇನೆ. ಪಕ್ಕದ ಮನೆ ಮರಾಠಿ ಕಾಕು ಬರೀ ಗೋಧಿಹಿಟ್ಟಲ್ಲೇ ಮಾಡ್ತಾರೆ, ಅವರದ್ದು ಹರಿಯೋದೇ ಇಲ್ಲ. ಹಾಗಾದರೆ ಮೈದಾ ಹಾಕಲೇಬೇಕು ಅನ್ನೋದು ನಿಜಾನಾ? ಬೇಳೆ ಎಷ್ಟು, ಬೆಲ್ಲ ಎಷ್ಟು, ಎಷ್ಟು ಹೊತ್ತು ನೆನೆಸಬೇಕು, ದಯವಿಟ್ಟು ಬಿಡಿಸಿ ಹೇಳಿ.

ಠಾಣೆ ಘೋಡಬಂದರ್
ಮೈದಾ ಹಾಕಿ, ಎಣ್ಣೆ ಜಾಸ್ತಿ ಹಾಕಿ. ಅಷ್ಟೇ.

ಮಾಟುಂಗಾ ಮಲ್ಲಿಗೆ
ಅಷ್ಟೇ ಅಲ್ಲ. ಮೈದಾ ಹಾಕಿದರೂ ಹರಿಯುತ್ತೆ, ಹೂರಣ ನೀರಾಗಿದ್ದರೆ. ಹೋಳಿಗೆಯ ವಿಷಯದಲ್ಲಿ ಎಲ್ಲರೂ ಹಿಟ್ಟಿನ ಬಗ್ಗೆ ಜಗಳ ಆಡ್ತಾರೆ. ನನ್ನ ಪ್ರಕಾರ ಎಲ್ಲ ಇರೋದು ನೀರಿನಲ್ಲಿ. ಬೇಳೆಯಲ್ಲಿ ಉಳಿದ ನೀರು, ಬೆಲ್ಲ ಕರಗಿದಾಗ ಬಿಡುವ ನೀರು, ಕಣಕಕ್ಕೆ ಹಾಕೋ ನೀರು. ಈ ಮೂರನ್ನೂ ಹಿಡಿತದಲ್ಲಿ ಇಟ್ಟರೆ ಯಾವ ಹಿಟ್ಟಲ್ಲಾದರೂ ಹೋಳಿಗೆ ಆಗುತ್ತೆ.

ಅಳತೆ ಕೇಳಿದಿರಲ್ಲ, ತಗೊಳ್ಳಿ. ಕಾಲು ಕಿಲೋ ಕಡಲೆಬೇಳೆ, ಕಾಲು ಕಿಲೋ ಬೆಲ್ಲ. ತೂಕ ಮಾಡಿ, ಕಪ್ಪಿನಲ್ಲಿ ಅಳೀಬೇಡಿ. ಪುಡಿ ಬೆಲ್ಲ ಒಂದು ಕಪ್ಪಿಗೂ ತುರಿದ ಬೆಲ್ಲ ಒಂದು ಕಪ್ಪಿಗೂ ತುಂಬಾ ವ್ಯತ್ಯಾಸ ಬರುತ್ತೆ. ಬೇಳೆ 1 ಗಂಟೆ ನೆನೆಸಿ, ನೀರು ಜಾಸ್ತಿ ಹಾಕಿ, ಒಂದು ಚಮಚ ಎಣ್ಣೆ, ಚಿಟಿಕೆ ಅರಿಶಿನ ಹಾಕಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಎರಡು ಬೆರಳ ನಡುವೆ ಒತ್ತಿದರೆ ನುಣ್ಣಗೆ ಮಸಿಯಬೇಕು, ಆದರೆ ಪಾತ್ರೆಯಲ್ಲಿ ಬೇಳೆ ಬೇಳೆಯಾಗಿಯೇ ಕಾಣಬೇಕು. ಆಮೇಲೆ ಜರಡಿಗೆ ಹಾಕಿ ಕನಿಷ್ಠ 20 ನಿಮಿಷ ಬಸಿಯಲಿ. ಕಟ್ಟು ಚೆಲ್ಲಬೇಡಿ, ಸಾರಿಗೆ ಬೇಕು.

ಬಸಿದ ಬೇಳೆ, ಬೆಲ್ಲ ಎರಡನ್ನೂ ದಪ್ಪ ತಳದ ಬಾಣಲೆಗೆ ಹಾಕಿ. ಮೊದಲ 5 ನಿಮಿಷ ಎಲ್ಲ ಪಾಯಸದ ಹದಕ್ಕೆ ಬರುತ್ತೆ, ಗಾಬರಿ ಆಗಬೇಡಿ. ಅದು ಬೆಲ್ಲ ಬಿಟ್ಟ ನೀರು. ಕೈ ಬಿಡದೆ ತಿರುವುತ್ತಾ ಇರಿ. ಕೊತ ಕೊತ ಕುದಿಯೋದು ಕಮ್ಮಿಯಾಗಿ ಪಟ್ ಪಟ್ ಅಂತ ಸಿಡಿಯೋಕೆ ಶುರುವಾಗುತ್ತೆ, ಕೈಗೆ ಸಿಡಿದರೆ ಸುಡುತ್ತೆ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಆಮೇಲೆ ಹೂರಣ ಬಾಣಲೆಯ ಅಂಚು ಬಿಟ್ಟು ಮಧ್ಯಕ್ಕೆ ಸರಿಯುತ್ತೆ. ಆಗ ಸೌಟನ್ನು ನಡುವೆ ನಿಲ್ಲಿಸಿ ಕೈ ಬಿಡಿ. ಸೌಟು ನೆಟ್ಟಗೆ ನಿಂತರೆ ಇಳಿಸಿ. ವಾಲಿದರೆ ಇನ್ನೂ ಸ್ವಲ್ಪ ಹೊತ್ತು. ಬಿಸಿ ಇರುವಾಗಲೇ ರುಬ್ಬಬೇಕು. ಆರಿದರೆ ಗಟ್ಟಿಯಾಗಿ ಮಿಕ್ಸಿ ತಿರುಗೋದಿಲ್ಲ, ಆಗ ನೀರು ಹಾಕೋಣ ಅನಿಸುತ್ತೆ. ಹಾಕಿದಿರೋ ಕೆಟ್ಟಿತು.

ಕಾಲು ಕಿಲೋ ಬೇಳೆಗೆ ಮಧ್ಯಮ ಗಾತ್ರದ 14-15 ಹೋಳಿಗೆ ಆಗುತ್ತೆ.

ವಾಕಡ್ ವಿಜಯಪುರ
ತೆರೆದ ಪಾತ್ರೆಯಲ್ಲಿ ಯಾರು ಬೇಯಿಸ್ತಾರೆ ಈಗ? ಕುಕ್ಕರ್‌ನಲ್ಲಿ ಬೇಳೆ, ಬೆಲ್ಲ ಒಟ್ಟಿಗೇ ಹಾಕಿ 5 ವಿಜಿಲ್ ಕೂಗಿಸಿ, ಕೆಲಸ ಮುಗೀತು.

ಮಾಟುಂಗಾ ಮಲ್ಲಿಗೆ
@ವಾಕಡ್ ವಿಜಯಪುರ ದಯವಿಟ್ಟು ಹೊಸಬರಿಗೆ ಹೀಗೆ ಹೇಳಬೇಡಿ. ಬೆಲ್ಲ ಬಿದ್ದ ಮೇಲೆ ಬೇಳೆ ಮೆತ್ತಗಾಗೋದು ನಿಂತೇ ಹೋಗುತ್ತೆ. ಬೇಳೆ ಪೂರ್ತಿ ಬೆಂದ ಮೇಲೇ ಬೆಲ್ಲ. ಹೂರಣದಲ್ಲಿ ಒಂದೇ ಒಂದು ಬೇಯದ ಬೇಳೆ ಉಳಿದರೂ ಲಟ್ಟಿಸುವಾಗ ಕಣಕವನ್ನು ಅದು ಚುಚ್ಚುತ್ತೆ, ಹರಿಯೋದು ಅಲ್ಲಿಂದಲೇ ಶುರು. ಕುಕ್ಕರ್ ಬಳಸಿ, ಬೇಡ ಅನ್ನೋದಿಲ್ಲ. ನೆನೆಸಿದ ಬೇಳೆಗೆ ಸಣ್ಣ ಉರಿಯಲ್ಲಿ 3 ವಿಜಿಲ್ ಸಾಕು. ಬೆಲ್ಲ ಮಾತ್ರ ಆಮೇಲೆ.

ವಾಕಡ್ ವಿಜಯಪುರ
ನಮ್ಮ ಕಡೆ 3 ವಿಜಿಲ್‌ಗೆ ಬೇಳೆ ಬೇಯೋದೇ ಇಲ್ಲ ಮೇಡಂ. 7 ಕೂಗಿಸಿದರೂ ನಡುವೆ ಕಲ್ಲು.

ಕೋಥ್ರೂಡ್ ಕಾಫಿ
ನಿಮ್ಮದು ಟ್ಯಾಂಕರ್ ನೀರಾ, ಬೋರ್ ನೀರಾ? ಹಾಗಿದ್ದರೆ ಬೇಳೆಯದ್ದು ತಪ್ಪಲ್ಲ. ಗಡಸು ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಅದು ಬೇಳೆಯ ಜೀವಕೋಶಗಳ ಗೋಡೆಯಲ್ಲಿರೋ ಪೆಕ್ಟಿನ್ ಅನ್ನೋ ಅಂಟಿನ ಜೊತೆ ಸೇರಿ ಗಟ್ಟಿಯಾಗುತ್ತೆ, ಎಷ್ಟು ಕೂಗಿಸಿದರೂ ಮೆತ್ತಗಾಗೋದಿಲ್ಲ. ಫಿಲ್ಟರ್ ಆದ ಕುಡಿಯುವ ನೀರಿನಲ್ಲೇ ನೆನೆಸಿ, ಅದರಲ್ಲೇ ಬೇಯಿಸಿ ನೋಡಿ. ಮುಂಬೈಯವರಿಗೆ ಈ ಕಷ್ಟ ಇಲ್ಲ. ಅವರಿಗೆ ಭಾತ್ಸಾ, ವೈತರಣಾ, ತಾನ್ಸಾ ಕೆರೆಗಳ ಮಳೆನೀರು. ಅಲ್ಲಿ ಬೇಗ ಬೇಯುತ್ತೆ. ಅದಕ್ಕೇ ಅಲ್ಲಿನವರ ವಿಜಿಲ್ ಲೆಕ್ಕ ಇಲ್ಲಿ ಪುಣೆಯಲ್ಲಿ ನಡೆಯೋದಿಲ್ಲ.

ಇನ್ನೊಂದು. ಹಳೇ ಬೇಳೆ ತರಬೇಡಿ. ವರ್ಷ ಕಳೆದ ಬೇಳೆ ಯಾವ ನೀರಿನಲ್ಲೂ ಬೇಗ ಬೇಯೋದಿಲ್ಲ.

ವಾಕಡ್ ವಿಜಯಪುರ
ಬೋರ್ ನೀರೇ. ಇದು ಯಾರೂ ಹೇಳಿರಲಿಲ್ಲ. ಶನಿವಾರ ಕುಡಿಯೋ ನೀರಲ್ಲಿ ಮಾಡ್ತೀನಿ.

ಮುಲುಂಡ್ ಮಂಡ್ಯ
ಎಲ್ಲರೂ ಕಡಲೆಬೇಳೆ ಅಂತ ಬರೀತಿದ್ದೀರಿ. ನಮ್ಮ ಕಡೆ ತೊಗರಿಬೇಳೆ ಒಬ್ಬಟ್ಟು. ಅದರ ನುಣುಪು ಕಡಲೆಬೇಳೆಗೆ ಯಾವ ಜನ್ಮಕ್ಕೂ ಬರೋದಿಲ್ಲ.

ಡೊಂಬಿವಲಿಯ ಧಾರವಾಡ
ಸಿಹಿ ತಿಂಡಿಗೆ ತೊಗರಿಬೇಳೆನಾ? ಸಾರಿನ ವಾಸನೆ ಬರೋದಿಲ್ವಾ?

ಮುಲುಂಡ್ ಮಂಡ್ಯ
ಏಲಕ್ಕಿ, ತೆಂಗಿನ ತುರಿ ಬಿದ್ದ ಮೇಲೆ ಯಾವ ವಾಸನೆಯೂ ಇಲ್ಲ. ನಮ್ಮ ಕಟ್ಟಡದಲ್ಲಿ ಗುಜರಾತಿಗಳು ಜಾಸ್ತಿ. ಅವರ ವೇಢಮಿಯೂ ತೊಗರಿಬೇಳೆಯದ್ದೇ. ಅಂದರೆ ಮಂಡ್ಯದವರೂ ಗುಜರಾತಿನವರೂ ಒಂದು ಕಡೆ, ನಡುವೆ ಇರೋ ನೀವೆಲ್ಲ ಇನ್ನೊಂದು ಕಡೆ. ತೊಗರಿಬೇಳೆ ಬೇಗ ಕರಗುತ್ತೆ, ನೀರು ಹಿಡಿದುಕೊಳ್ಳುತ್ತೆ. ಹಾಗಾಗಿ ಬಾಣಲೆಯಲ್ಲಿ ಇನ್ನೂ ಹೆಚ್ಚು ಹೊತ್ತು ತಿರುವಬೇಕು. ಅದೊಂದು ಗೊತ್ತಿದ್ದರೆ ಸಾಕು.

ಬೆಳಗಾವಿ ಟು ಭಾಂಡುಪ್
ತೊಗರಿಬೇಳೆ ಹೋಳಿಗೆ ತಿಂದಿದ್ದೇನೆ. ಚೆನ್ನಾಗಿರುತ್ತೆ, ಸುಳ್ಳು ಹೇಳೋದಿಲ್ಲ. ಆದರೆ ಕಡಲೆಬೇಳೆಗೆ ಒಂದು ಘಮ ಇದೆ, ತುಪ್ಪ ಬಿದ್ದ ಕೂಡಲೇ ಏಳುತ್ತೆ. ಅದು ತೊಗರಿಯಲ್ಲಿ ಇಲ್ಲ. ಜೊತೆಗೆ ಜಾಯಿಕಾಯಿ. ಏಲಕ್ಕಿ ಒಂದೇ ಹಾಕಿದರೆ ನನಗೆ ಹೋಳಿಗೆ ಅನಿಸೋದಿಲ್ಲ. ಜಾಯಿಕಾಯಿ ಉಜ್ಜಿ ಹಾಕಬೇಕು, ಪುಡಿ ಡಬ್ಬಿಯದ್ದಲ್ಲ.

ಸದಾಶಿವ ಪೇಟೆ
ಈಗ ಮೂಲ ಪ್ರಶ್ನೆಯ ಹಿಟ್ಟಿನ ಭಾಗಕ್ಕೆ ಬರೋಣ. ನಾನು ಪುಣೆಯಲ್ಲೇ ಹುಟ್ಟಿದವಳು, ತವರಿನದ್ದು ಕನ್ನಡ, ಅತ್ತೆ ಮನೆಯದ್ದು ಮರಾಠಿ. ಎರಡೂ ರೀತಿ ಮಾಡ್ತೀನಿ, ಎರಡೂ ಬೇರೆ ಬೇರೆ ಅಂತ ಒಪ್ಪಿಕೊಂಡರೆ ಗೊಂದಲ ಇಲ್ಲ.

ಮರಾಠಿ ಪೋಳಿಗೆ ಗೋಧಿಹಿಟ್ಟು. ಆದರೆ ಚಪಾತಿಗೆ ಬಳಸೋ ಹಿಟ್ಟಲ್ಲ! ಡೊಂಬಿವಲಿಯವರ ತೊಂದರೆ ಇಲ್ಲೇ ಇದೆ ಅನಿಸುತ್ತೆ. ಗಿರಣಿ ಹಿಟ್ಟಲ್ಲಿ ತೌಡು ಇರುತ್ತೆ. ತೌಡಿನ ಚೂರು ಕಣಕವನ್ನು ಅಲ್ಲಲ್ಲಿ ಕಡಿಯುತ್ತೆ, ತೆಳ್ಳಗೆ ಎಳೆದಾಗ ಅಲ್ಲೇ ತೂತು. ನಿಮ್ಮ ಪಕ್ಕದ ಕಾಕು ಹಿಟ್ಟನ್ನು ತೆಳು ಬಟ್ಟೆಯಲ್ಲೋ ಮೈದಾ ಜರಡಿಯಲ್ಲೋ ಸೋಸಿರುತ್ತಾರೆ, ಕೇಳಿ ನೋಡಿ. ಊರಲ್ಲಿ ಸಪೀಟು ಅಂತೀವಲ್ಲ, ಅದೇ. ಅದಕ್ಕೆ ನಾಲ್ಕರಲ್ಲಿ ಒಂದು ಪಾಲು ಮೈದಾ ಸೇರಿಸಿದರೂ ಆಗುತ್ತೆ. ಅಕ್ಕಿಹಿಟ್ಟು ಉದುರಿಸಿ ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾರೆ. ಗೋಧಿಹಿಟ್ಟು ಉದುರಿಸಿದರೆ ಹಂಚಿನ ಮೇಲೆ ಸೀದು ಕಪ್ಪು ಚುಕ್ಕೆ ಬರುತ್ತೆ, ಅಕ್ಕಿಹಿಟ್ಟಿಗೆ ಆ ಕಾಟ ಇಲ್ಲ.

ನಮ್ಮ ಎಣ್ಣೆ ಹೋಳಿಗೆ ಬೇರೆ. ಕಾಲು ಕಿಲೋ ಮೈದಾ, ಅಥವಾ ಅರ್ಧ ಮೈದಾ ಅರ್ಧ ಚಿರೋಟಿ ರವೆ. ಚಿಟಿಕೆ ಉಪ್ಪು, ಅರಿಶಿನ. ಚಪಾತಿ ಹಿಟ್ಟಿಗಿಂತ ತುಂಬಾ ಸಡಿಲ, ಕೈಗೆ ಅಂಟುವ ಹಾಗೆ ಕಲಸಿ, ಕಾಲು ಕಪ್ ಎಣ್ಣೆ ಸ್ವಲ್ಪ ಸ್ವಲ್ಪವೇ ಹಾಕಿ ನಾದಿ. 10 ನಿಮಿಷ ನಾದಬೇಕು. ಮೇಲೆ ಎಣ್ಣೆ ನಿಲ್ಲಿಸಿ 2 ಗಂಟೆ ಮುಚ್ಚಿಡಿ. ನಾದಿದಾಗ ಹಿಟ್ಟಿನ ಜಿಗುಟು ಬಿಗಿಯಾಗಿರುತ್ತೆ, ಎಳೆದರೆ ವಾಪಸ್ ಹೋಗುತ್ತೆ. ನೆನೆದ ಮೇಲೆ ಬಿಗಿ ಬಿಡುತ್ತೆ, ಎಳೆದಷ್ಟೂ ಬರುತ್ತೆ. ಮುಟ್ಟಿದರೆ ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು.

ಎರಡು ರೀತಿಗೂ ಒಂದೇ ನಿಯಮ: ಹೂರಣ, ಕಣಕ ಎರಡರ ಮೆದು ಒಂದೇ ಆಗಿರಬೇಕು. ಹೂರಣ ಗಟ್ಟಿ, ಕಣಕ ಮೆದು ಇದ್ದರೆ ಹೂರಣ ನಡುವೆಯೇ ಗುಡ್ಡೆಯಾಗಿ ಕೂರುತ್ತೆ. ಕಣಕ ಗಟ್ಟಿ, ಹೂರಣ ಮೆದು ಇದ್ದರೆ ಅಂಚು ಒಡೆದು ಹೊರಗೆ ಬರುತ್ತೆ. ನಿಮ್ಮದು ಎರಡನೇದು.

ಡೊಂಬಿವಲಿಯ ಧಾರವಾಡ
ಕಾಕುವನ್ನು ಈಗಷ್ಟೇ ಕೇಳಿದೆ. ಹೌದು, ಸೋಸ್ತಾರಂತೆ! ಹಳೇ ಸೀರೆಯ ತುಂಡಿನಲ್ಲಿ. ಜೊತೆಗೆ ಹೂರಣವನ್ನು ಪುರಣ ಯಂತ್ರದಲ್ಲಿ ತಿರುಗಿಸ್ತಾರೆ. ಅದು ಬೇಕೇ ಬೇಕಾ? ಮಿಕ್ಸಿ ಸಾಲದಾ?

ಕೋಥ್ರೂಡ್ ಕಾಫಿ
ಮಿಕ್ಸಿ ಸಾಕು, ಆದರೆ ಬಿಟ್ಟು ಬಿಟ್ಟು ತಿರುಗಿಸಿ. ಪುರಣ ಯಂತ್ರದ ಲಾಭ ಏನಂದರೆ ಬೇಯದ ಬೇಳೆ ಜಾಲರಿಯ ಮೇಲೇ ಉಳಿಯುತ್ತೆ, ಕೆಳಗೆ ಬರೋದಿಲ್ಲ. ನೀರು ಹಾಕಬೇಕು ಅನ್ನೋ ಆಸೆಯೂ ಬರೋದಿಲ್ಲ. ಪುಣೆಗೆ ಬಂದರೆ ತುಳಶಿಬಾಗ್‌ನ ಪಾತ್ರೆ ಅಂಗಡಿಗಳಲ್ಲಿ ಹಿತ್ತಾಳೆಯದ್ದು, ಸ್ಟೀಲಿನದ್ದು ಎರಡೂ ಸಿಗುತ್ತೆ.

ಮುಲುಂಡ್ ಮಂಡ್ಯ
ಒರಳು ಕಲ್ಲಲ್ಲಿ ರುಬ್ಬಿದ ಹೂರಣ ತಿಂದವರು ಯಂತ್ರದ ಮಾತು ಆಡೋದಿಲ್ಲ.

ಠಾಣೆ ಘೋಡಬಂದರ್
22ನೇ ಮಹಡಿಯಲ್ಲಿ ಒರಳು ಕಲ್ಲು ಎಲ್ಲಿಡೋದು ಸರ್. ಕೆಳಗಿನ ಮನೆಯವರು ದೂರು ಕೊಡ್ತಾರೆ.

ನೆರೂಳ್ ನರಗುಂದ
ಖಪಲಿ ಗೋಧಿಯಲ್ಲಿ (ಎಮ್ಮರ್ ಅನ್ನೋ ಹಳೇ ತಳಿಯ ಗೋಧಿ) ಯಾರಾದರೂ ಮಾಡಿದ್ದೀರಾ? ಆರೋಗ್ಯಕ್ಕೆ ಒಳ್ಳೇದು ಅಂತ ಮನೆಯಲ್ಲಿ ಈಗ ಅದೇ ತರ್ತಿದ್ದೇವೆ.

ಬೆಳಗಾವಿ ಟು ಭಾಂಡುಪ್
ಖಪಲಿ ಹೋಳಿಗೆಗೆ ಆಗಿಬರೋದಿಲ್ಲ. ಅದರ ಜಿಗುಟು ಕಮ್ಮಿ, ಎಳೆದರೆ ಹರಿಯುತ್ತೆ. ಅದು ಹುಗ್ಗಿಗೆ, ಮಾದಲಿಗೆ ಹೇಳಿ ಮಾಡಿಸಿದ ಗೋಧಿ. ಯುಗಾದಿಗೆ ಒಂದು ದಿನ ಮೈದಾ ತಿಂದರೆ ಏನೂ ಆಗೋದಿಲ್ಲ, ಮಾರನೇ ದಿನ ಖಪಲಿ ಹುಗ್ಗಿ ಮಾಡಿ.

ನೆರೂಳ್ ನರಗುಂದ
ಸರಿ. ಆದರೆ ಬೆಲ್ಲ ಹಾಕಿದ್ದು ಸಕ್ಕರೆ ಕಾಯಿಲೆ ಇರೋರೂ ತಿನ್ನಬಹುದು ಅಲ್ವಾ? ಮಾವನವರಿಗೆ ಕೇಳ್ತಿದ್ದೇನೆ.

ಸದಾಶಿವ ಪೇಟೆ
ಇಲ್ಲ ಇಲ್ಲ. ಬೆಲ್ಲದಲ್ಲೂ ಹೆಚ್ಚಿನ ಪಾಲು ಅದೇ ಕಬ್ಬಿನ ಸಕ್ಕರೆ. ರಕ್ತದ ಸಕ್ಕರೆ ಅದರಿಂದಲೂ ಏರುತ್ತೆ. ಬೆಲ್ಲ ಅಂದ ಮಾತ್ರಕ್ಕೆ ನಾಲ್ಕು ತಿನ್ನಿಸಬೇಡಿ. ಎಷ್ಟು ತಿನ್ನಬಹುದು ಅಂತ ಅವರ ಡಾಕ್ಟರನ್ನೇ ಕೇಳಿ. ನಮ್ಮ ಮನೆಯಲ್ಲಿ ಹಿರಿಯರಿಗೆ ಅಂಗೈ ಅಗಲದ ಚಿಕ್ಕ ಹೋಳಿಗೆ ಬೇರೆ ಮಾಡ್ತೀನಿ. ಎಲೆಗೆ ಪೂರ್ತಿ ಒಂದು ಬಡಿಸಿದ ಹಾಗೂ ಆಯ್ತು, ಹದವೂ ಮೀರಲಿಲ್ಲ.

ಮಾಟುಂಗಾ ಮಲ್ಲಿಗೆ
ಬೆಲ್ಲದ ಮಾತು ಬಂತಲ್ಲ, ಒಂದು ಹೇಳ್ತೀನಿ. ತುಂಬಾ ಹಳದಿಯಾಗಿ, ಬೆಳ್ಳಗೆ ಹೊಳೆಯೋ ಬೆಲ್ಲ ತರಬೇಡಿ. ಬಣ್ಣ ಬರಲಿ ಅಂತ ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಅನ್ನೋ ಬಿಳುಪು ಮಾಡೋ ರಾಸಾಯನಿಕ ಹಾಕ್ತಾರೆ. ಕಂದು ಬೆಲ್ಲ ಹುಡುಕಿ. ಕೊಲ್ಹಾಪುರದ್ದೇ ಕಂದು ಬಣ್ಣದ್ದೂ ಸಿಗುತ್ತೆ. ಮಹಾಲಿಂಗಪುರದ ಬೆಲ್ಲ ಸಿಕ್ಕರೆ ಇನ್ನೂ ಒಳ್ಳೇದು, ಊರಿಂದ ಯಾರಾದರೂ ಬರೋರಿದ್ದರೆ ತರಿಸಿಕೊಳ್ಳಿ. ನಾಲಿಗೆ ಮೇಲೆ ಇಟ್ಟು ನೋಡಿ, ಉಪ್ಪುಪ್ಪು ಅನಿಸಿದರೆ ಬೇಡ.

ಕಸ ಇರುತ್ತೆ ಅನ್ನೋ ಅನುಮಾನ ಇದ್ದರೆ ಬೆಲ್ಲವನ್ನು ಸ್ವಲ್ಪವೇ ನೀರಲ್ಲಿ ಕರಗಿಸಿ ಸೋಸಿ, ಆ ಪಾಕವನ್ನು ಮೊದಲು ಗಟ್ಟಿ ಮಾಡಿ ಬೇಳೆ ಹಾಕಿ. ತಿರುವೋ ಹೊತ್ತು ಜಾಸ್ತಿಯಾಗುತ್ತೆ ಅಷ್ಟೇ.

ವಾಸ್ಕೋ ಕಿನಾರೆ
ಗೋವಾದಿಂದ ನಮಸ್ಕಾರ. ಲಟ್ಟಣಿಗೆ ಮರೆತುಬಿಡಿ. ಬಾಳೆ ಎಲೆ ತಗೊಳ್ಳಿ, ಸುಮ್ನೆ ಒಂದು ಸಲ ಉರಿಯ ಮೇಲೆ ಆಡಿಸಿ ಬಾಡಿಸಿ, ಇಲ್ಲದಿದ್ದರೆ ಸೀಳುತ್ತೆ. ಎಣ್ಣೆ ಸವರಿ. ಕಣಕದ ಉಂಡೆಗಿಂತ ಹೂರಣದ ಉಂಡೆ ದೊಡ್ಡದಿರಲಿ. ಕಣಕವನ್ನು ಅಂಗೈಯಲ್ಲಿ ಹಿಗ್ಗಿಸಿ, ಹೂರಣ ಇಟ್ಟು, ಸುತ್ತಲಿಂದ ಮೇಲಕ್ಕೆ ಎಳೆದು ಮುಚ್ಚಿ. ಮೇಲೆ ಉಳಿದ ಜುಟ್ಟನ್ನು ಚಿವುಟಿ ತೆಗೀರಿ, ಅದನ್ನು ಹಾಗೇ ಒತ್ತಿದರೆ ಅಲ್ಲಿ ಬರೀ ಹಿಟ್ಟು ಉಳಿಯುತ್ತೆ. ಮುಚ್ಚಿದ ಬಾಯಿ ಕೆಳಗೆ ಮಾಡಿ ಎಲೆ ಮೇಲಿಡಿ. ಬೆರಳ ತುದಿಯಲ್ಲಿ ನಡುವಿನಿಂದ ಅಂಚಿಗೆ ತಟ್ಟುತ್ತಾ ಹೋಗಿ. ಆಮೇಲೆ ಎಲೆ ಸಮೇತ ಹಂಚಿಗೆ ಬೋರಲು ಹಾಕಿ, ಎರಡು ಕ್ಷಣ ಬಿಟ್ಟು ಎಲೆಯನ್ನು ಮೆಲ್ಲಗೆ ಸುಲಿದು ತೆಗೆಯಿರಿ. ಹೋಳಿಗೆ ಹಂಚಿನ ಮೇಲೆ ಉಳಿಯುತ್ತೆ, ಎಲೆಯ ಗೆರೆ ಅದರ ಮೇಲೆ ಮೂಡಿರುತ್ತೆ.

ಉರಿ ಮಧ್ಯಮ. ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಬೇಯಿಸಿದರೆ ಒಣಗುತ್ತೆ. ಮಾರನೇ ದಿನ ಬಿರುಸಾಗೋದಕ್ಕೆ ಅರ್ಧ ಕಾರಣ ಅದು.

ಡೊಂಬಿವಲಿಯ ಧಾರವಾಡ
ಇನ್ನರ್ಧ?

ವಾಸ್ಕೋ ಕಿನಾರೆ
ಬಿಸಿ ಬಿಸಿ ಒಂದರ ಮೇಲೊಂದು ಪೇರಿಸಿ ಡಬ್ಬಿ ಮುಚ್ಚಿದರೆ ಬೆವರುತ್ತೆ, ಬಿಚ್ಚಿಟ್ಟರೆ ಒಣಗುತ್ತೆ. ಬಟ್ಟೆಯ ಮೇಲೆ ಒಂದೊಂದೇ ಹರಡಿ, ಆರಿದ ಕೂಡಲೇ ಎರಡಾಗಿ ಮಡಚಿ, ಬಟ್ಟೆ ಸುತ್ತಿ ಡಬ್ಬಿಗೆ ಹಾಕಿ.

ಪೋಂಡಾ ಪುತ್ತೂರು
ಗೋವಾದವರು ಬಂದಿದ್ದೀರಿ, ಪಾತೋಳಿ ಬಗ್ಗೆಯೂ ಬರೀರಿ! ಅರಿಶಿನ ಎಲೆಗೆ ಅಕ್ಕಿ ಹಿಟ್ಟು ಸವರಿ, ಕಾಯಿ ಬೆಲ್ಲ ತುಂಬಿ ಹಬೆಯಲ್ಲಿ ಬೇಯಿಸೋದು. ನಾಗರ ಪಂಚಮಿಗೆ ನಾವು ಮಾಡ್ತೀವಿ, ಆಗಸ್ಟ್ 15ರ ಮಾತೆಯ ಹಬ್ಬಕ್ಕೆ ನಮ್ಮ ಪಕ್ಕದ ಕ್ರಿಶ್ಚಿಯನ್ ಮನೆಯವರೂ ಮಾಡ್ತಾರೆ. ಡಬ್ಬಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಹೋಗ್ತಾ ಇರುತ್ತೆ. ಇನ್ನೊಂದು ಮಣಗಣೆ. ಕಡಲೆಬೇಳೆ, ಸಾಬೂದಾನಿ, ತೆಂಗಿನಹಾಲು, ಬೆಲ್ಲ. ಹೋಳಿಗೆಗೆ ಬೇಯಿಸಿದ ಬೇಳೆ ಉಳಿದರೆ ಇದಕ್ಕೆ ಹಾಕಿ.

ಠಾಣೆ ಘೋಡಬಂದರ್
ಪಾತೋಳಿಗೆ ಬೇರೆ ಚರ್ಚೆ ತೆರೆಯೋಣ, ಪಂಚಮಿ ಹತ್ತಿರ ಬರಲಿ. ನನ್ನ ಪ್ರಶ್ನೆ ಬೇರೆ. ಆಫೀಸಿನಲ್ಲಿ ಪ್ರತಿ ವರ್ಷ ಒಂದೇ ಜಗಳ. ಪುರಣಪೋಳಿ ಮಹಾರಾಷ್ಟ್ರದ್ದು, ನೀವು ನಮ್ಮಿಂದ ಕಲಿತಿರಿ ಅಂತಾರೆ. ಏನು ಹೇಳಬೇಕು?

ಬೆಳಗಾವಿ ಟು ಭಾಂಡುಪ್
ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಬರೆಸಿದ. ಅದರಲ್ಲಿ ಅನ್ನಭೋಗ ಅಂತ ಅಡುಗೆಗೇ ಒಂದು ಭಾಗ ಇದೆ, ಮಂಡಕದಂಥ ಗೋಧಿ ತಿಂಡಿಗಳ ವಿವರ ಇದೆ. ಅವನ ರಾಜ್ಯದಲ್ಲಿ ಇವತ್ತಿನ ಕರ್ನಾಟಕವೂ ಇತ್ತು, ಮಹಾರಾಷ್ಟ್ರದ ಭಾಗವೂ ಇತ್ತು. ಈಗಿನ ಗಡಿಯನ್ನು ಅಂದಿನ ಅಡುಗೆಮನೆಯಲ್ಲಿ ಎಳೆಯೋಕೆ ಹೋದರೆ ಹೇಗೆ? ಅವರು ಹೋಳಿ ಹಬ್ಬಕ್ಕೆ, ಎತ್ತುಗಳ ಹಬ್ಬವಾದ ಬೈಲಪೋಳಾಕ್ಕೆ, ಗೌರಿಯ ಎರಡನೇ ದಿನದ ನೈವೇದ್ಯಕ್ಕೆ ಮಾಡ್ತಾರೆ. ನಾವು ಯುಗಾದಿಗೆ, ಮದುವೆಗೆ, ಬೀಗರು ಬಂದಾಗ ಮಾಡ್ತೀವಿ. ಇಬ್ಬರ ಮನೆಯಲ್ಲೂ ಬೇರೂರಿದೆ. ನಾನಂತೂ ಆಫೀಸಿಗೆ ಡಬ್ಬಿ ತಗೊಂಡು ಹೋಗ್ತೀನಿ, ಅವರದ್ದೂ ತಿಂತೀನಿ.

ಮುಲುಂಡ್ ಮಂಡ್ಯ
ತಿನ್ನೋದರಲ್ಲೂ ವ್ಯತ್ಯಾಸ ಇದೆ. ನಮಗೆ ತುಪ್ಪದ ಜೊತೆ ಕಾಯಿಹಾಲು. ನಮ್ಮ ಮಾಲವಣದ ಪಕ್ಕದ ಮನೆಯವರೂ ತೆಂಗಿನಹಾಲಿನಲ್ಲೇ ಅದ್ದಿ ತಿಂತಾರೆ. ಪುಣೆಯವರು ಬರೀ ಹಾಲು, ತುಪ್ಪ.

ನೆರೂಳ್ ನರಗುಂದ
ಮಾವಿನ ಸೀಕರಣೆ ಬಿಟ್ಟಿರಲ್ಲ! ಏಪ್ರಿಲ್, ಮೇನಲ್ಲಿ ಹಾಪೂಸ್ ಬಂದ ಮೇಲೆ ಹೋಳಿಗೆ, ಸೀಕರಣೆ ಬಿಟ್ಟು ಬೇರೆ ಊಟ ಬೇಡ. ಯುಗಾದಿಗೆ ಹಣ್ಣು ದುಬಾರಿ, ಬಾಳೆಹಣ್ಣಿನ ಸೀಕರಣೆ ಮಾಡಿ.

ವಾಕಡ್ ವಿಜಯಪುರ
ಶೇಂಗಾ ಹೋಳಿಗೆ ಬಗ್ಗೆ ಯಾರೂ ಮಾತಾಡ್ತಿಲ್ಲ. ಬೇಳೆ ಬೇಯಿಸೋದು ಬೇಡ, ಬಸಿಯೋದು ಬೇಡ. ಹುರಿದ ಶೇಂಗಾ, ಸ್ವಲ್ಪ ಎಳ್ಳು, ಬೆಲ್ಲ ಕುಟ್ಟಿ ತುಂಬೋದು. ನೀರೇ ಇಲ್ಲದ್ದಕ್ಕೆ ವಾರ ಇಟ್ಟರೂ ಕೆಡೋದಿಲ್ಲ. ರೈಲಿನಲ್ಲಿ ಊರಿಗೆ ಹೋಗುವಾಗ ನಾವು ಅದೇ ಒಯ್ತೀವಿ.

ಸದಾಶಿವ ಪೇಟೆ
ಒಪ್ಪಿದೆ. ಇಲ್ಲಿ ಸಂಕ್ರಾಂತಿಗೆ ಮಾಡೋ ಗುಳಪೋಳಿಯೂ ಅದೇ ಜಾತಿ. ಆದರೆ ಯುಗಾದಿ ಎಲೆಗೆ ಬೇಳೆ ಹೋಳಿಗೆಯೇ ಬೇಕು, ಅದರ ಕಟ್ಟಿನ ಸಾರು ಬೇಕು.

ಮಾಟುಂಗಾ ಮಲ್ಲಿಗೆ
ಕಟ್ಟಿನ ಸಾರಿಗೆ ಬಸಿದ ನೀರಷ್ಟೇ ಸಾಲದು. ಬೆಲ್ಲ ಹಾಕುವ ಮೊದಲೇ ಎರಡು ಚಮಚ ಬೇಳೆ ತೆಗೆದಿಟ್ಟುಕೊಳ್ಳಿ, ಒಂದು ಚಮಚ ಹೂರಣವನ್ನೂ. ಕೊಬ್ಬರಿ, ಜೀರಿಗೆ, ಸಾರಿನ ಪುಡಿ ರುಬ್ಬಿ, ಹುಣಸೆ ಹುಳಿ ಸ್ವಲ್ಪ ಜಾಸ್ತಿಯೇ ಹಾಕಿ ಕುದಿಸಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಮರಾಠಿಯವರ ಕಟಾಚಿ ಆಮ್ಟಿಗೆ ಗೋಡಾ ಮಸಾಲೆ ಬೀಳುತ್ತೆ, ಅದರ ರುಚಿಯೂ ಸೊಗಸು. ಮಾರನೇ ದಿನ ಸಾರು ಇನ್ನೂ ರುಚಿ.

ಡೊಂಬಿವಲಿಯ ಧಾರವಾಡ
ಎಲ್ಲ ಬರೆದುಕೊಂಡೆ. ಹಿಟ್ಟು ಸೋಸಿ ಕಾಲು ಭಾಗ ಮೈದಾ ಹಾಕ್ತೀನಿ. ಇನ್ನೊಂದೇ ಪ್ರಶ್ನೆ. ಹಬ್ಬದ ದಿನ ಬೆಳಿಗ್ಗೆ ಆಫೀಸ್ ಕರೆ ಇದೆ. ಹೂರಣ ಹಿಂದಿನ ದಿನವೇ ಮಾಡಿಡಬಹುದಾ? ಮತ್ತೆ ಚಿರೋಟಿ ರವೆ ಡೊಂಬಿವಲಿಯಲ್ಲಿ ಸಿಗ್ತಿಲ್ಲ, ಎಲ್ಲಿ ತರೋದು?

ಮಾಟುಂಗಾ ಮಲ್ಲಿಗೆ
ಚಿರೋಟಿ ರವೆ ಮಾಟುಂಗಾ ಮಾರ್ಕೆಟ್ಟಿನ ದಕ್ಷಿಣದವರ ಅಂಗಡಿಗಳಲ್ಲಿ ಕೇಳಿ. ಕಿರಾಣಿ ಅಂಗಡಿಯ ಬಾರೀಕ್ ರವೆ ಅದಲ್ಲ, ಅದು ದಪ್ಪ.

ಕೋಥ್ರೂಡ್ ಕಾಫಿ
ಹೂರಣ ಧಾರಾಳವಾಗಿ ಹಿಂದಿನ ದಿನ ಮಾಡಿ. ಪೂರ್ತಿ ಆರಿಸಿ, ಮುಚ್ಚಿ ಫ್ರಿಜ್ಜಿಗೆ. ಈ ಸೆಕೆಯಲ್ಲಿ ಹೊರಗೆ ಇಟ್ಟರೆ ಬೆಳಗಾಗೋದರೊಳಗೆ ಹುಳಿ ಬರುತ್ತೆ. ಬಳಸುವ ಒಂದು ಗಂಟೆ ಮೊದಲು ತೆಗೆದಿಡಿ. ತಣ್ಣಗಿರುವಾಗ ಕಲ್ಲಾಗಿರುತ್ತೆ, ಹಾಗೇ ತುಂಬಿದರೆ ಲಟ್ಟಿಸೋಕೆ ಬರೋದಿಲ್ಲ. ಕೈಯಲ್ಲಿ ನಾದಿ ಮೆದು ಮಾಡಿ, ಆಮೇಲೆ ಉಂಡೆ ಕಟ್ಟಿ. ಕಣಕ ಮಾತ್ರ ಅವತ್ತೇ ಕಲಸಿ. ಕರೆಗೆ ಕೂರೋ ಮೊದಲು ನಾದಿ ಎಣ್ಣೆ ನಿಲ್ಲಿಸಿ ಹೋಗಿ, ಮುಗಿಸಿ ಬರೋ ಹೊತ್ತಿಗೆ ನೆನೆದಿರುತ್ತೆ.

ವಾಕಡ್ ವಿಜಯಪುರ
ಕುಡಿಯೋ ನೀರಲ್ಲಿ ಇವತ್ತೇ ಒಂದು ಹಿಡಿ ಬೇಳೆ ಹಾಕಿ ನೋಡಿದೆ, ಶನಿವಾರದವರೆಗೆ ತಡೆಯೋಕಾಗಲಿಲ್ಲ. 4 ವಿಜಿಲ್‌ಗೆ ಬೆಂದಿದೆ. @ಕೋಥ್ರೂಡ್ ಕಾಫಿ ಧನ್ಯವಾದ. ಹಾಗಂತ ಬೆಲ್ಲ ಒಟ್ಟಿಗೇ ಹಾಕೋದನ್ನು ನಾನು ಬಿಡ್ತೀನಿ ಅಂತ ಹೇಳಿಲ್ಲ.

ಮಾಟುಂಗಾ ಮಲ್ಲಿಗೆ
ಒಂದು ಸಲ ಬೇರೆ ಬೇರೆ ಹಾಕಿ ನೋಡಿ, ಆಮೇಲೆ ಮಾತಾಡೋಣ.